ಸೀಮಸ್ ಹೀನಿಯನ್ನು ಹೊಲದ ಕಡೆಯಿಂದ ಓದಿ

ನಾನು ಜೇವರ್ಗಿ ಕಡೆಯ ತೊಗರಿ ಬೆಳೆಯುವ ಮನೆಯವನು. ಈಗ ಕಲಬುರಗಿಯಲ್ಲಿ ಬಿ.ಎ. ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಐರಿಷ್ ಕವಿ ಸೀಮಸ್ ಹೀನಿಯನ್ನು ಎಲ್ಲಿಂದ ಶುರು ಮಾಡಲಿ ಸರ್ ಅಂತ ಕೇಳುವವರಿಗೆ ಇದನ್ನು ಬರೆದಿದ್ದೇನೆ.

1995ರ ನೊಬೆಲ್, ಉತ್ತರ ಐರ್ಲೆಂಡಿನ ರಾಜಕೀಯ, ಎಲ್ಲವನ್ನೂ ಸದ್ಯ ಪಕ್ಕಕ್ಕಿಡಿ. ಹೀನಿ 1939ರಲ್ಲಿ ಡೆರಿ ಕೌಂಟಿಯ ಹೊಲದ ಮನೆಯೊಂದರಲ್ಲಿ ಹುಟ್ಟಿದರು. ಒಂಬತ್ತು ಮಕ್ಕಳಲ್ಲಿ ಹಿರಿಯರು. ಅಪ್ಪ ಒಕ್ಕಲುತನದ ಜೊತೆ ದನದ ವ್ಯಾಪಾರ ಮಾಡುತ್ತಿದ್ದರು. ಇಷ್ಟು ಗೊತ್ತಿದ್ದರೆ ಸಾಕು.

ಮೊದಲು ‘ಫಾಲೋವರ್’ ಕವಿತೆ ಓದಿ. ಡಿಕ್ಷನರಿ ಬೇಡ, ಎರಡು ಸಲ ಗಟ್ಟಿಯಾಗಿ ಓದಿ. ಅಪ್ಪ ಕುದುರೆ ಕಟ್ಟಿ ನೇಗಿಲು ಹೊಡೆಯುತ್ತಾನೆ, ಅವನ ಹೆಗಲು ಗಾಳಿ ತುಂಬಿದ ಹಾಯಿಯ ಹಾಗೆ ಉಬ್ಬಿದೆ. ಹಾಯಿಯನ್ನು ನಮ್ಮ ಮಕ್ಕಳು ನೋಡಿಲ್ಲ. ರಾಶಿ ಮಾಡುವಾಗ ಗಾಳಿಗೆ ಉಬ್ಬುವ ತಾಡಪತ್ರಿ ನೆನಪಿಸಿಕೊಳ್ಳಿ ಅಂದೆ. ಇಡೀ ಕ್ಲಾಸಿಗೆ ತಕ್ಷಣ ಅರ್ಥವಾಯಿತು. ಹಿಂದೆ ಓಡುವ ಹುಡುಗ ಮುಗ್ಗರಿಸಿ ಬೀಳುತ್ತಾನೆ. ಎರೆ ಹೊಲದ ಹೆಂಟೆ ಎಡವಿದವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಕೊನೆಯಲ್ಲಿ ಮುಗ್ಗರಿಸುವವನು ಅಪ್ಪ. ಮಗನ ಬೆನ್ನ ಹಿಂದೆ ಬರುತ್ತಾನೆ, ಬಿಟ್ಟು ಹೋಗುವುದಿಲ್ಲ. ಅಲ್ಲಿ ಒಂದು ನಿಮಿಷ ಸುಮ್ನೆ ಕೂತಿರಿ.

ಆಮೇಲೆ ‘ಡಿಗ್ಗಿಂಗ್’. ಇದರಲ್ಲಿ ‘ಟರ್ಫ್’ ಅನ್ನುವ ಪದ ತೊಡಕು. ಜೌಗು ನೆಲದಲ್ಲಿ ಗಿಡಗಂಟಿ ಕೊಳೆತು ಆದ ಮಣ್ಣು ಅದು. ಸಲಿಕೆಯಿಂದ ಇಟ್ಟಿಗೆಯ ಹಾಗೆ ಕೊಯ್ದು, ಒಣಗಿಸಿ, ನಾವು ಕುಳ್ಳು ಉರಿಸುವಂತೆ ಒಲೆಗೆ ಹಾಕುತ್ತಾರೆ. ಅಜ್ಜ ಅದನ್ನು ಕೊಯ್ಯುತ್ತಿದ್ದಾಗ ಮೊಮ್ಮಗ ಬಾಟಲಿಯಲ್ಲಿ ಹಾಲು ಒಯ್ದ ಸಾಲು ಬಂದಾಗ, ಹೊಲಕ್ಕೆ ಬುತ್ತಿ ಒಯ್ದ ದಿನವೊಂದನ್ನು ನಿಮ್ಮ ಭಾಷೆಯಲ್ಲೇ ನಾಲ್ಕು ಸಾಲು ಬರೆಯಿರಿ. ನನಗೆ ಹೀನಿ ಸಿಕ್ಕಿದ್ದು ಹಾಗೆ ಬರೆದ ಮೇಲೆ. ಅಪ್ಪನ ಕೈಯಲ್ಲಿ ಸಲಿಕೆ, ನನ್ನ ಕೈಯಲ್ಲಿ ಪೆನ್ನು, ಅದರಿಂದಲೇ ಅಗೆಯುತ್ತೇನೆ ಅನ್ನುತ್ತಾರೆ ಅವರು. ಮನೆಯಲ್ಲಿ ಮೊದಲ ಸಲ ಡಿಗ್ರಿ ಓದುತ್ತಿರುವವರಿಗೆ ಈ ಮಾತು ಜಾಸ್ತಿ ತಟ್ಟುತ್ತದೆ.

‘ಮಿಡ್-ಟರ್ಮ್ ಬ್ರೇಕ್’ ಕೊನೆಗಿರಲಿ. 1953ರಲ್ಲಿ ಹೀನಿ ಬೋರ್ಡಿಂಗ್ ಶಾಲೆಯಲ್ಲಿದ್ದಾಗ ತಮ್ಮ ಕ್ರಿಸ್ಟಫರ್ ಕಾರು ಬಡಿದು ತೀರಿಕೊಂಡ. ಕವಿತೆಯಲ್ಲಿ ಮೂರು ಮೂರು ಸಾಲಿನ ಏಳು ಚರಣ, ಆಮೇಲೆ ಒಂದೇ ಸಾಲು. ನಾಲ್ಕಡಿಯ ಶವಪೆಟ್ಟಿಗೆ, ತಮ್ಮನ ವಯಸ್ಸಿನ ವರ್ಷಕ್ಕೊಂದು ಅಡಿ. ಇದನ್ನು ಓದಿದ ದಿನ ನಾನು ಪ್ರಶ್ನೆ ಕೇಳುವುದಿಲ್ಲ, ನೋಟ್ಸ್ ಕೊಡುವುದಿಲ್ಲ. ಹಾಸ್ಟೆಲ್ ಮಕ್ಕಳು ಹೊರಗೆ ಹೋಗಿ ಮನೆಗೆ ಫೋನ್ ಮಾಡುತ್ತಾರೆ.