ಮೂರು ಸಂಜೆ, ಮೂರು ಸಿಗಾರ್: ಅಗ್ಗದ ಡೊಮಿನಿಕನ್ ಎಲೆಯನ್ನು ಹೋಲಿಸಿ ಸವಿಯುವ ಬಗೆ

ಹುಣಸೂರಿನ ಕಡೆಯ ಹೊಗೆಸೊಪ್ಪಿನ ಊರುಗಳಲ್ಲಿ ಬೆಳೆದವರಿಗೆ ಎಲೆ ಒಣಗಿಸುವ ಬ್ಯಾರನ್ನಿನ ವಾಸನೆ ಮರೆಯುವುದಿಲ್ಲ. ಉರಿಯ ಬಿಸಿಯಲ್ಲಿ ಕೆಲವೇ ದಿನಗಳಲ್ಲಿ ಹಳದಿಗೆ ತಿರುಗುವ ಎಲೆಯ ಆ ಸಿಹಿ ವಾಸನೆ ನನ್ನ ಮೂಗಿನಲ್ಲಿ ಈಗಲೂ ಇದೆ. ಫ್ಲಾರಿಡಾಕ್ಕೆ ಬಂದ ಮೇಲೆ ಮೊದಲ ಸಲ ಡೊಮಿನಿಕನ್ ಸಿಗಾರ್ ಒಂದನ್ನು ಮೂಗಿನ ಬಳಿ ಹಿಡಿದಾಗ ಅದರ ಸುಳಿವೇ ಸಿಗಲಿಲ್ಲ. ಅಲ್ಲಿದ್ದದ್ದು ಒಣಹುಲ್ಲು, ಹಳೆಯ ಚರ್ಮದ ಚೀಲ, ತುಸು ಕೋಕೊ. ತಂಬಾಕೇ ಆದರೂ ಇಷ್ಟು ಬೇರೆ ಹೇಗೆ ಎಂಬ ಪ್ರಶ್ನೆಯಿಂದಲೇ ನನ್ನ ಹೋಲಿಕೆ ಶುರುವಾಯಿತು.

ವ್ಯತ್ಯಾಸವಿರುವುದು ತಳಿಯಲ್ಲಿ ಮತ್ತು ಹದದಲ್ಲಿ. ನಮ್ಮಲ್ಲಿ ಬೆಳೆಯುವುದು ಸಿಗರೇಟಿನ ವರ್ಜೀನಿಯಾ ತಂಬಾಕು. ಬಿಸಿಯಲ್ಲಿ ಬೇಗ ಒಣಗುವುದರಿಂದ ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ಸಿಗಾರಿನ ಎಲೆಯನ್ನು ನೆರಳಿನ ಚಪ್ಪರದಲ್ಲಿ ವಾರಗಟ್ಟಲೆ ತೂಗುಹಾಕುತ್ತಾರೆ. ಅದು ನಿಧಾನವಾಗಿ ಕಂದುಬಣ್ಣಕ್ಕೆ ತಿರುಗುತ್ತಾ ಸಕ್ಕರೆಯನ್ನು ಕಳೆದುಕೊಳ್ಳುತ್ತದೆ. ಆಮೇಲೆ ದೊಡ್ಡ ರಾಶಿಯಾಗಿ ಒಟ್ಟುತ್ತಾರೆ. ಸ್ಪ್ಯಾನಿಷಿನಲ್ಲಿ ಅದಕ್ಕೆ ಪಿಲೋನ್ ಎನ್ನುತ್ತಾರೆ. ಗೊಬ್ಬರದ ಗುಂಡಿಯ ಹಾಗೆ ರಾಶಿಯ ಒಡಲು ತಾನಾಗಿಯೇ ಕಾವೇರುತ್ತದೆ. ಕಾವು ಮಿತಿ ಮೀರುವ ಮೊದಲು ರಾಶಿ ಕೆಡವಿ, ಒಳಗಿನದನ್ನು ಹೊರಕ್ಕೂ ಹೊರಗಿನದನ್ನು ಒಳಕ್ಕೂ ಹಾಕಿ ಮತ್ತೆ ಒಟ್ಟುತ್ತಾರೆ. ಈ ಕೆಲಸ ಮುಗಿಯುವಷ್ಟರಲ್ಲಿ ಎಲೆಯ ಅಮೋನಿಯಾ ಹೊರಟುಹೋಗಿರಬೇಕು. ಹೋಗದಿದ್ದರೆ ಸಿಗಾರಿಗೆ ಗಂಜಲದ ಘಾಟು ಉಳಿಯುತ್ತದೆ. ಅಗ್ಗದ ಸಿಗಾರನ್ನು ಪರೀಕ್ಷಿಸುವಾಗ ನಾನು ಮೊದಲು ಹುಡುಕುವುದು ಇದನ್ನೇ.

ಮುಂದೆ ಹೋಗುವ ಮೊದಲು ಒಂದು ಮಾತು. ಈ ಲೇಖನ ಈಗಾಗಲೇ ಸಿಗಾರ್ ಸೇದುವ ವಯಸ್ಕರಿಗೆ. ಸೇದದವರು ಇದನ್ನು ಓದಿ ಆರಂಭಿಸಬಾರದು. ಹೊಗೆಯನ್ನು ಶ್ವಾಸಕೋಶಕ್ಕೆ ಎಳೆಯದಿದ್ದರೂ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿನ ಅಪಾಯ ಇದ್ದೇ ಇದೆ. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಅಮೆರಿಕದಲ್ಲಿ ಕೊಳ್ಳಲು 21 ವರ್ಷ ತುಂಬಿರಬೇಕು. ಕರ್ನಾಟಕದಲ್ಲೂ ಈಗ ಅದೇ ವಯಸ್ಸು. ಮೂರು ಸಿಗಾರನ್ನು ಮೂರು ಬೇರೆ ಸಂಜೆ ಸೇದಿರಿ ಎಂದು ನಾನು ಹೇಳುವುದಕ್ಕೆ ನಾಲಿಗೆ ದಣಿಯುತ್ತದೆ ಎಂಬುದು ಒಂದು ಕಾರಣ, ದೇಹ ದಣಿಯುತ್ತದೆ ಎಂಬುದು ಇನ್ನೊಂದು. ಸಂಜೆಗಳ ನಡುವೆ ಒಂದು ವಾರವಾದರೂ ಬಿಡಿ.

ಅಗ್ಗ ಏಕೆ ಅಗ್ಗ?

ಡೊಮಿನಿಕನ್ ಗಣರಾಜ್ಯದ ಉತ್ತರದಲ್ಲಿ ಸಿಬಾವೊ ಕಣಿವೆಯಿದೆ. ಅದರ ನಡುವೆ ‘ಯಾಕೆ ದೆಲ್ ನೋರ್ತೆ’ ಎಂಬ ನದಿಯ ದಡದಲ್ಲಿ ಸಾಂತಿಯಾಗೊ ನಗರ. ಸಿಗಾರಿನ ಲೋಕದ ದೊಡ್ಡ ಹೆಸರುಗಳಲ್ಲಿ ಅನೇಕವು ಈ ಊರಿನವು, ಇಲ್ಲವೇ ಪಕ್ಕದ ತಾಂಬೊರಿಲ್‌ನವು. 1959ರ ಕ್ಯೂಬಾ ಕ್ರಾಂತಿಯ ನಂತರ ಅಲ್ಲಿನ ತಂಬಾಕು ಕುಟುಂಬಗಳು ಊರು ಬಿಟ್ಟವು, 1962ರಲ್ಲಿ ಅಮೆರಿಕ ಕ್ಯೂಬಾದ ಮೇಲೆ ವ್ಯಾಪಾರ ನಿರ್ಬಂಧ ಹೇರಿತು. ಕ್ಯೂಬಾದ ಬೀಜ ಈ ಕಣಿವೆಯಲ್ಲಿ ಬೇರು ಬಿಟ್ಟಿತು. ಪಿಲೋತೊ ಕುಬಾನೊ ಎಂಬ ತಳಿಯ ಹೆಸರಿನಲ್ಲೇ ಆ ಗುರುತಿದೆ. ಇಲ್ಲಿನದೇ ಹಳೆಯ ತಳಿ ಓಲೋರ್ ದೊಮಿನಿಕಾನೊ, ಮೃದು ರುಚಿಯದು.

ಬೆಲೆ ಇಳಿಯುವುದು ಹೆಚ್ಚಾಗಿ ಮೂರು ಕಡೆ. ಸಿಗಾರಿನ ಹೂರಣಕ್ಕೆ, ಅಂದರೆ ಫಿಲ್ಲರಿಗೆ, ಉದ್ದನೆಯ ಇಡೀ ಎಲೆಯ ಬದಲು ಕತ್ತರಿಸಿ ಉಳಿದ ತುಂಡುಗಳನ್ನು ಹಾಕುವುದು ಒಂದು. ಹೊರಗೆ ಸುತ್ತುವ ಮೇಲೆಲೆಯಲ್ಲಿ, ಅಂದರೆ ರ್‍ಯಾಪರಿನಲ್ಲಿ, ಬಣ್ಣದ ಕಲೆಗಳಿದ್ದರೂ ಬಿಡುವುದು ಇನ್ನೊಂದು. ಮೂರನೆಯದು ಮರದ ಪೆಟ್ಟಿಗೆ ಬಿಟ್ಟು ಇಪ್ಪತ್ತೋ ಇಪ್ಪತ್ತೈದೋ ಸಿಗಾರನ್ನು ಕಟ್ಟು ಕಟ್ಟಿ ಮಾರುವುದು. ಕಲೆಗೂ ಪೆಟ್ಟಿಗೆಗೂ ರುಚಿಯ ಜೊತೆ ಸಂಬಂಧವಿಲ್ಲ. ಅಲ್ಲಿ ಹಣ ಉಳಿಸುವುದು ಜಾಣತನ. ತುಂಡು ಹೂರಣ ಮಾತ್ರ ಬೇಗ ಉರಿಯುತ್ತದೆ, ಹೊಗೆ ಬಿಸಿಯಾಗುತ್ತದೆ, ಬಾಯಿಗೆ ಚೂರುಗಳು ಬರುತ್ತವೆ. ಹೋಲಿಕೆಗೆ ಉದ್ದ ಎಲೆಯದನ್ನೇ ಆರಿಸಿ ಎಂಬುದು ನನ್ನ ಸಲಹೆ. ಅಮೆರಿಕದ ಅಂಗಡಿಗಳಲ್ಲಿ ಅಂಥವು ಹತ್ತು ಡಾಲರಿನ ಆಸುಪಾಸಿನಲ್ಲೇ ಸಿಗುತ್ತವೆ. ಭಾರತದಲ್ಲಿ ಆಮದು ಸುಂಕ ಸೇರಿದ ಮೇಲೆ ಅಗ್ಗ ಎಂಬ ಮಾತು ಉಳಿಯುವುದಿಲ್ಲ.

ಆಯ್ಕೆ

ನನ್ನ ಮೂರು ಇವು. ಮಕನೂಡೊ ಕಫೆ: ಜಮೈಕಾದಲ್ಲಿ ಹುಟ್ಟಿ ಸಾಂತಿಯಾಗೊಗೆ ಬಂದ ಹೆಸರು, ಮೇಲೆಲೆ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಬಟ್ಟೆಯ ಚಪ್ಪರದಡಿ ಬೆಳೆದದ್ದು, ತಿಳಿ ಬಣ್ಣ. ಆರ್ತುರೊ ಫುಯೆಂತೆಯ 8-5-8: ಈ ಮನೆತನ 1912ರಲ್ಲಿ ಫ್ಲಾರಿಡಾದ ಟಾಂಪಾದಲ್ಲಿ ಶುರುಮಾಡಿ, ನಿಕರಾಗುವಾದ ಕಾರ್ಖಾನೆ ಅಲ್ಲಿನ ಕ್ರಾಂತಿಯ ಬೆಂಕಿಗೆ ಸಿಕ್ಕಿದ ಮೇಲೆ 1980ರಲ್ಲಿ ಸಾಂತಿಯಾಗೊದಲ್ಲಿ ನೆಲೆ ನಿಂತಿತು, ಮೇಲೆಲೆ ಆಫ್ರಿಕಾದ ಕ್ಯಾಮರೂನ್ ಎಲೆ. ಮೂರನೆಯದು ಲಾ ಅರೋರಾದ ಕ್ಯಾಮರೂನ್: 1903ರಲ್ಲಿ ಎದುವಾರ್ದೊ ಲೆಯೊನ್ ಹಿಮೆನೆಸ್ ತೆರೆದ, ದೇಶದ ಅತ್ಯಂತ ಹಳೆಯ ಸಿಗಾರ್ ಕಾರ್ಖಾನೆಯದು.

ಮೊದಲ ಎರಡರಲ್ಲಿ ಬಹುತೇಕ ಎಲ್ಲವೂ ಬೇರೆ. ಎರಡನೆಯದಕ್ಕೂ ಮೂರನೆಯದಕ್ಕೂ ಮೇಲೆಲೆಯ ಜಾತಿ ಒಂದೇ, ಮನೆ ಬೇರೆ. ಆದ್ದರಿಂದ ಮೊದಲ ಜೋಡಿ ನಿಮಗೆ ಎಷ್ಟು ದೂರದ ರುಚಿಗಳಿವೆ ಎಂದು ತೋರಿಸುತ್ತದೆ, ಎರಡನೆಯ ಜೋಡಿ ಕಿವಿಗೊಟ್ಟು ಕೇಳುವುದನ್ನು ಕಲಿಸುತ್ತದೆ. ಮೇಲೆಲೆಯೊಂದೇ ಏನು ಮಾಡುತ್ತದೆ ಎಂಬ ಕುತೂಹಲವಿದ್ದರೆ 8-5-8ರಲ್ಲೇ ಕಪ್ಪನೆಯ ಮದೂರೊ ಬಗೆ ಸಿಗುತ್ತದೆ. ಅಳತೆ, ಕಾರ್ಖಾನೆ ಎರಡೂ ಅದೇ.

ಅಳತೆ ಹತ್ತಿರ ಹತ್ತಿರ ಇರಲಿ. ಉದ್ದವನ್ನು ಇಂಚಿನಲ್ಲೂ ದಪ್ಪವನ್ನು ಇಂಚಿನ 64ನೇ ಭಾಗಗಳಲ್ಲೂ ಹೇಳುತ್ತಾರೆ: 50 ಎಂದರೆ ಮುಕ್ಕಾಲು ಇಂಚಿಗಿಂತ ತುಸು ದಪ್ಪ. ತೆಳುವಾದ ಸಿಗಾರಿನಲ್ಲಿ ಮೇಲೆಲೆಯ ರುಚಿ ಮುಂದಾಗುತ್ತದೆ, ದಪ್ಪನೆಯದರಲ್ಲಿ ಹೂರಣದ್ದು. ಒಂದು ದಪ್ಪ, ಒಂದು ತೆಳು ಹಿಡಿದು ಎಲೆಯನ್ನು ಹೋಲಿಸಿದೆನೆಂದರೆ ಅದು ಹೋಲಿಕೆಯಲ್ಲ.

ಪ್ರತಿಯೊಂದರಲ್ಲೂ ಎರಡೆರಡು ಕೊಳ್ಳಿ. ಪುಂತಾ ಕಾನಾದಂಥ ಕಡಲತೀರಗಳಲ್ಲಿ ಪ್ರವಾಸಿಗಳಿಗೆ ಮಾರುವ ಕ್ಯೂಬಾ ಹೆಸರಿನ ಪೆಟ್ಟಿಗೆಗಳನ್ನು ಮುಟ್ಟಬೇಡಿ, ಅವು ಹೆಚ್ಚಾಗಿ ನಕಲಿ. ಆ ದೇಶಕ್ಕೆ ಹೋದವರು ತಾಂಬೊರಿಲ್‌ನಲ್ಲಿ ಮನೆಯಂತಿರುವ, ಸಿಗಾರ್ ಸುತ್ತುವ ಸಣ್ಣ ಗೂಡುಗಳಿಗೆ ಹೋಗಲಿ. ಚಿಂಚಾಲ್ ಎಂದು ಕರೆಯುವ ಆ ಜಾಗಗಳಲ್ಲಿ ಹೆಸರಿನ ಕಾಗದದ ಪಟ್ಟಿಯಿಲ್ಲದ ಸಿಗಾರ್ ಕಣ್ಣೆದುರೇ ತಯಾರಾಗುತ್ತದೆ.

ವಿಶ್ರಾಂತಿ

ಈ ಹೆಜ್ಜೆಯನ್ನು ಹೆಚ್ಚಿನವರು ಹಾರಿಸುತ್ತಾರೆ, ಆಮೇಲೆ ಸಿಗಾರ್ ಕಹಿ ಎಂದು ದೂರುತ್ತಾರೆ. ಅಂಚೆಯಲ್ಲಿ ಬಂದ ಸಿಗಾರ್ ಒಣಗಿರುತ್ತದೆ ಇಲ್ಲವೇ ತೊಯ್ದಿರುತ್ತದೆ. ಮೂರು ಬಗೆಯನ್ನೂ ಗಾಳಿಯಾಡದ ಒಂದೇ ಡಬ್ಬಿಯಲ್ಲಿ, 65 ಅಥವಾ 69 ಎಂದು ಅಚ್ಚಾದ ತೇವಾಂಶದ ಪೊಟ್ಟಣದ ಜೊತೆ, ಮೂರು ವಾರ ಇಡಿ. ದುಬಾರಿ ಪೆಟ್ಟಿಗೆ ಬೇಕಿಲ್ಲ. ಮುಚ್ಚಳ ಬಿಗಿಯಾಗಿರುವ ಪ್ಲಾಸ್ಟಿಕ್ ಡಬ್ಬಿ ಸಾಕು. ಸಿಕ್ಕರೆ ಸ್ಪ್ಯಾನಿಷ್ ಸೀಡರ್ ಮರದ ಒಂದು ಚಕ್ಕೆ ಹಾಕಿ. ಹೆಸರು ಸೀಡರ್ ಆದರೂ ಅದು ನಮ್ಮ ಬೇವಿನ ಕುಟುಂಬದ ಮರ. ಡಬ್ಬಿ ತಂಪಾದ ಕಪಾಟಿನಲ್ಲಿರಲಿ. ಸೆಕೆ ಹೆಚ್ಚಾದರೆ ಎಲೆಯೊಳಗಿನ ಹುಳುವಿನ ಮೊಟ್ಟೆ ಒಡೆದು, ಸೂಜಿಯಿಂದ ಚುಚ್ಚಿದಂಥ ತೂತುಗಳು ಬೀಳುತ್ತವೆ.

ಕತ್ತರಿಸಿ ಹಚ್ಚುವುದು

ಸಂಜೆ ಒಂದೇ ಹೊತ್ತಿಗೆ, ಒಂದೇ ಬಗೆಯ ಲಘು ಊಟದ ನಂತರ ಕುಳಿತುಕೊಳ್ಳಿ. ಹೊರಾಂಗಣದಲ್ಲಿ, ಮಕ್ಕಳಿಂದ ದೂರ. ಪಕ್ಕದಲ್ಲಿ ನೀರು ಮಾತ್ರ. ಕಾಫಿ ಇದ್ದರೆ ನೀವು ಬರೆಯುವುದು ಕಾಫಿಯ ರುಚಿಯನ್ನು.

ಸಿಗಾರಿನ ತಲೆಯಲ್ಲಿ, ಅಂದರೆ ಬಾಯಿಗಿಡುವ ತುದಿಯಲ್ಲಿ, ಎಲೆಯ ಚಿಕ್ಕ ಟೊಪ್ಪಿ ಅಂಟಿಸಿರುತ್ತಾರೆ. ಅದರ ಅಂಚಿನ ಗೆರೆಗಿಂತ ಮೇಲೆ, ಎರಡು ಮಿಲಿಮೀಟರಿನಷ್ಟೇ ಕತ್ತರಿಸಿ. ಗೆರೆ ದಾಟಿದರೆ ಮೇಲೆಲೆ ಬಿಚ್ಚಿಕೊಳ್ಳುತ್ತದೆ. ಹಚ್ಚುವ ಮೊದಲು ಬರಿದೇ ಒಮ್ಮೆ ಎಳೆಯಿರಿ. ಒಣ ರುಚಿ ಎಷ್ಟೋ ಹೇಳುತ್ತದೆ. ಗಂಜಲದ ಘಾಟು ಇದ್ದರೆ ಈಗಲೇ ಗೊತ್ತಾಗುತ್ತದೆ, ಆ ಸಿಗಾರನ್ನು ಮತ್ತೆ ಕೆಲವು ತಿಂಗಳು ಡಬ್ಬಿಗೆ ಸೇರಿಸಿ. ಉದ್ದನೆಯ ಕಡ್ಡಿಯ ಗಂಧಕ ಉರಿದು ಮುಗಿದ ಮೇಲೆ, ಜ್ವಾಲೆ ತಾಗದಂತೆ ಬುಡವನ್ನು ತಿರುಗಿಸುತ್ತಾ ಹಪ್ಪಳದಂತೆ ಕಾಯಿಸಿ. ಅಂಚು ಸುತ್ತಲೂ ಕೆಂಪಾದ ಮೇಲೆ ಎಳೆಯಿರಿ.

ನಿಮಿಷಕ್ಕೆ ಒಂದು ಸಲ, ಸಾಕು. ಅವಸರ ಮಾಡಿದರೆ ಎಂಥ ಎಲೆಯೂ ಸುಟ್ಟು ಕಹಿಯಾಗುತ್ತದೆ. ಹೊಗೆ ಬಾಯಿಯಲ್ಲೇ ಇದ್ದು ಹೊರಹೋಗಬೇಕು.

ಬರೆದಿಡುವುದು

ಸಿಗಾರನ್ನು ಮನಸ್ಸಿನಲ್ಲೇ ಮೂರು ಭಾಗ ಮಾಡಿ, ಪ್ರತಿ ಭಾಗಕ್ಕೆ ಎರಡು ಸಾಲು ಬರೆಯಿರಿ. ಇಂಗ್ಲಿಷ್ ವಿಮರ್ಶೆಗಳ ಪದಗಳನ್ನು ಎರವಲು ತರಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ನೀವು ತಿಂದಿರದ ಹಣ್ಣಿನ ಹೆಸರು ಬರೆದರೆ ನಾಳೆ ನಿಮಗೇ ಅರ್ಥವಾಗುವುದಿಲ್ಲ. ಹುರಿಗಡಲೆ, ಜೋನಿಬೆಲ್ಲ, ಕಾಳುಮೆಣಸು, ಒದ್ದೆ ಮಣ್ಣು, ಎಳೆ ಅಡಿಕೆಯ ಒಗರು: ನಮ್ಮ ನಾಲಿಗೆಗೆ ಗೊತ್ತಿರುವ ಇಷ್ಟರಲ್ಲೇ ಬಹಳ ದೂರ ಹೋಗಬಹುದು. ನನ್ನ ಪುಸ್ತಕದಲ್ಲಿ ಮಕನೂಡೊ ಎದುರು ‘ಹಾಲಿನ ಕೆನೆ, ಒಣಹುಲ್ಲು, ಕೊನೆಗೂ ಖಾರವಿಲ್ಲ’ ಎಂದಿದೆ. ಫುಯೆಂತೆಗೆ ‘ಗಂಧದ ಚಕ್ಕೆ, ನಡುವಿನಿಂದ ಬೆಲ್ಲ’. ಲಾ ಅರೋರಾಗೆ ಮೊದಲ ಸಲ ‘ಫುಯೆಂತೆಯಂತೆಯೇ’ ಎಂದಷ್ಟೇ ಬರೆದಿದ್ದೆ. ಎರಡನೆಯ ಸಲ ‘ಒಗರು ಹೆಚ್ಚು, ಹುರಿದ ಕಡಲೆಕಾಯಿಯ ಸಿಪ್ಪೆ’ ಎಂಬುದು ಸೇರಿತು. ನಿಮ್ಮದು ಬೇರೆ ಇರಲಿ.

ಬೂದಿಯನ್ನೂ ನೋಡಿ. ಉದ್ದ ಎಲೆಯ ಬೂದಿ ಗಟ್ಟಿಯಾಗಿ ಒಂದು ಇಂಚು ನಿಲ್ಲುತ್ತದೆ. ಉರಿ ಒಂದು ಪಕ್ಕಕ್ಕೆ ಓಡುತ್ತಿದ್ದರೆ ಸುತ್ತಿದ ಕೈಯ ಕುಂದು ಇರಬಹುದು, ಗಾಳಿಯೂ ಇರಬಹುದು. ಒಂದು ಸಿಗಾರಿನಿಂದ ತೀರ್ಪು ಕೊಡಬಾರದು. ಎರಡೆರಡು ಕೊಂಡದ್ದು ಅದಕ್ಕಾಗಿಯೇ.

ಎರಡನೆಯ ಸುತ್ತಿನಲ್ಲಿ ಕ್ಯಾಮರೂನ್ ಜೋಡಿಯ ಪಟ್ಟಿಗಳ ಮೇಲೆ ಬಿಳಿ ಕಾಗದ ಸುತ್ತಿ ಅಂಕೆ ಬರೆಯಲು ಮನೆಯವರನ್ನು ಕೇಳಿ. ಪಟ್ಟಿ ಕೀಳಲು ಹೋದರೆ ಅಂಟಿನ ಜೊತೆ ಮೇಲೆಲೆಯೂ ಹರಿಯುತ್ತದೆ. ತಿಳಿ ಬಣ್ಣದ ಮಕನೂಡೊವನ್ನು ಬಚ್ಚಿಡಲು ಆಗುವುದಿಲ್ಲ, ಅದನ್ನು ಬಿಡಿ. ಇನ್ನೆರಡರಲ್ಲಿ ಯಾವುದು ಯಾವುದೆಂದು ಬರೆದ ಮೇಲೆಯೇ ಕಾಗದ ಬಿಚ್ಚಿ.

ಈ ಜೋಡಿ ಮುಗಿದ ಮೇಲೆ ನಾನು ಕೊಂಡದ್ದು ಲಾ ಅರೋರಾದವರದೇ ಆದ ‘ಆದೆಎನೆ ದೊಮಿನಿಕಾನೊ’ ಎಂಬ ಸಿಗಾರ್. ಅದರ ಹೂರಣದಲ್ಲಿ ಆಂದುಯೊ ಇದೆ: ಸಿಬಾವೊ ರೈತರು ಹಿಂದಿನಿಂದಲೂ ಮಾಡುತ್ತಾ ಬಂದಿರುವ ತಂಬಾಕು. ಎಲೆಗಳನ್ನು ಯಾಗುವಾ ಎಂಬ ತಾಳೆಹಾಳೆಯಲ್ಲಿ ಸುತ್ತಿ, ಹಗ್ಗ ಬಿಗಿದು, ಆಗಾಗ ಮತ್ತೆ ಬಿಗಿದು, ಕಲ್ಲಿನಂತೆ ಗಟ್ಟಿಮಾಡುತ್ತಾರೆ. ಯಾಗುವಾದ ಚಿತ್ರ ಮೊದಲ ಸಲ ಕಂಡಾಗ ಊರಿನ ಅಡಿಕೆ ಹಾಳೆಯೇ ಎದುರಿಗೆ ಬಂದಂತಾಯಿತು. ಅದರ ಎರಡು ಸಿಗಾರ್ ಈಗ ಡಬ್ಬಿಯಲ್ಲಿವೆ. ಮೂರು ವಾರ ತುಂಬಲು ಇನ್ನೂ ಒಂಬತ್ತು ದಿನ.