ಹೊಸ ರಾಕ್ ಬ್ಯಾಂಡ್ ಹುಡುಕೋದು ಹೇಗೆ?

ಆಪ್ ತೆರೆದರೆ ಮತ್ತೆ ಅದೇ ಹತ್ತು ಹಾಡು. ನಿನ್ನೆಯ ಸಾರನ್ನೇ ಬಿಸಿ ಮಾಡಿ ಬಡಿಸಿದ ಹಾಗೆ. ಅದರ ತಪ್ಪೇನಿಲ್ಲ ಬಿಡಿ, ನೀವು ಕೇಳಿದಂಥದ್ದನ್ನೇ ಹುಡುಕಿ ಕೊಡುವುದು ಅದರ ಕೆಲಸ. ಹೊಸಬರು ಬೇಕಿದ್ದರೆ ಮನುಷ್ಯರ ಬೆನ್ನು ಹತ್ತಬೇಕು.

ಮೊದಲು, ಈಗಾಗಲೇ ಇಷ್ಟವಾದ ಒಂದೇ ಒಂದು ಬ್ಯಾಂಡ್ ಹಿಡಿಯಿರಿ. ಬೆಂಗಳೂರಿನವರೇ ಆದರೆ ಇನ್ನೂ ಸುಲಭ. 1996ರಲ್ಲಿ ಶುರುವಾದ ಥರ್ಮಲ್ ಆಂಡ್ ಎ ಕ್ವಾರ್ಟರ್, ಜಾನಪದ ಬೆರೆಸುವ ಸ್ವರಾತ್ಮ, ಉರ್ದು ಮತ್ತು ಕಾಶ್ಮೀರಿಯಲ್ಲಿ ಹಾಡುವ ಪರ್ವಾಜ್, ಯಾರಾದರೂ ಸರಿ. ಅವರ ಆಲ್ಬಮ್‌ ವಿವರದಲ್ಲಿ ರೆಕಾರ್ಡ್, ಮಿಕ್ಸ್ ಮಾಡಿದವರು ಯಾರು ಅಂತ ನೋಡಿ. ಅದೇ ಎಂಜಿನಿಯರ್ ಇನ್ನೂ ನಾಲ್ಕು ಬ್ಯಾಂಡ್‌ಗಳ ಜೊತೆ ಕೆಲಸ ಮಾಡಿರುತ್ತಾರೆ. ಆ ನಾಲ್ಕರಲ್ಲಿ ಒಂದಾದರೂ ನಿಮಗೆ ಹಿಡಿಸುತ್ತದೆ.

ಆಮೇಲೆ ಬ್ಯಾಂಡ್‌ಕ್ಯಾಂಪ್ ಅನ್ನೋ ವೆಬ್‌ಸೈಟಿಗೆ ಬನ್ನಿ. ನನ್ನ ಮಟ್ಟಿಗೆ ನಿಧಿ ಇರುವುದು ಇಲ್ಲೇ. ಇಲ್ಲಿ ಕಲಾವಿದರೇ ತಮ್ಮ ಹಾಡು ಮಾರುತ್ತಾರೆ. ಕೊಳ್ಳುವ ಮೊದಲೇ ಹೆಚ್ಚಿನ ಆಲ್ಬಮ್‌ಗಳನ್ನು ಪೂರ್ತಿ ಕೇಳಬಹುದು. ಹಾಡುಗಳ ಕೆಳಗೆ ಊರು, ಶೈಲಿಯ ಟ್ಯಾಗ್ ಇರುತ್ತವೆ. ‘ಬ್ಯಾಂಗಲೋರ್’ ಅನ್ನೋದನ್ನು ಒತ್ತಿದರೆ ಪಕ್ಕದ ರಸ್ತೆಯ ಹುಡುಗರು ಬೆಡ್‌ರೂಮಿನಲ್ಲಿ ರೆಕಾರ್ಡ್ ಮಾಡಿದ್ದೂ ಸಿಕ್ಕೀತು. ಆದರೆ ನಿಜವಾದ ಗುಟ್ಟು ಬೇರೆ. ಆಲ್ಬಮ್ ಪುಟದಲ್ಲಿ ಕೊಂಡವರ ಪುಟ್ಟ ಪುಟ್ಟ ಚಿತ್ರಗಳ ಸಾಲಿದೆಯಲ್ಲ, ಅದರಲ್ಲೊಂದನ್ನು ಒತ್ತಿ. ಆ ವ್ಯಕ್ತಿ ಕೊಂಡ ಅಷ್ಟೂ ಸಂಗೀತ ತೆರೆದುಕೊಳ್ಳುತ್ತದೆ. ಗುರುತಿಲ್ಲದವರ ಮನೆಗೆ ಹೋಗಿ ಕ್ಯಾಸೆಟ್ ಕಪಾಟು ತಡಕಿದ ಹಾಗೆ! ರುಚಿ ಹೊಂದಿದರೆ ಅವರನ್ನೇ ಫಾಲೋ ಮಾಡಿ.

ಹಾಡು ಹಿಡಿಸಿತಾ? ಕೊಳ್ಳಿ. ಡಿಜಿಟಲ್ ಮಾರಾಟದಲ್ಲಿ ಬ್ಯಾಂಡ್‌ಕ್ಯಾಂಪ್ ಸಾಮಾನ್ಯವಾಗಿ ಶೇ 15 ಇಟ್ಟುಕೊಳ್ಳುತ್ತದೆ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಕಾರ್ಯಕ್ರಮಗಳು ನಿಂತಾಗ ಶುರು ಮಾಡಿದ ‘ಬ್ಯಾಂಡ್‌ಕ್ಯಾಂಪ್ ಫ್ರೈಡೇ’ ಅನ್ನೋ ಆಯ್ದ ಶುಕ್ರವಾರಗಳಂದು ಆ ಪಾಲನ್ನೂ ಬಿಟ್ಟುಕೊಡುತ್ತದೆ.

ಹೊರದೇಶದವರು ಬೇಕಾದರೆ ಅಮೆರಿಕದ ಸಿಯಾಟಲ್‌ನ ಕೆಇಎಕ್ಸ್‌ಪಿ ರೇಡಿಯೊದ ಯೂಟ್ಯೂಬ್ ಚಾನೆಲ್ ನೋಡಿ. ಸ್ಟುಡಿಯೊದಲ್ಲೇ ಲೈವ್ ನುಡಿಸುವುದರಿಂದ ಬ್ಯಾಂಡಿನ ದಮ್ಮು ಎಷ್ಟು ಅಂತ ಗೊತ್ತಾಗಿಬಿಡುತ್ತದೆ.

ಕೊನೆಗೆ, ಕಾರ್ಯಕ್ರಮಕ್ಕೆ ಬೇಗ ಹೋಗಿ. ಮುಖ್ಯ ಬ್ಯಾಂಡ್‌ಗೂ ಮೊದಲು ನುಡಿಸುವವರೇ ಸಾಮಾನ್ಯವಾಗಿ ಹೊಸಬರು. ನಾನೊಮ್ಮೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ತಡವಾಗಿ ಹೋದೆ, ಆ ಮೊದಲ ಬ್ಯಾಂಡ್ ಆಗಲೇ ವೈರ್ ಸುತ್ತುತ್ತಿತ್ತು. ಹೊಟ್ಟೆ ಉರಿಯಿತು. ಸುಮ್ನೆ ನಿಲ್ಲುವ ಬದಲು ಡ್ರಮ್ಮರ್ ಹತ್ತಿರ ಹೋಗಿ, ‘ನೀವು ಈಗ ಯಾರನ್ನ ಕೇಳ್ತಿದ್ದೀರಾ?’ ಅಂದೆ. ಅವನು ನನ್ನ ಫೋನ್ ತಗೊಂಡು ಮೂರು ಹೆಸರು ಟೈಪ್ ಮಾಡಿಕೊಟ್ಟ. ಎರಡರ ಸ್ಪೆಲ್ಲಿಂಗ್ ತಪ್ಪಿತ್ತು, ಹುಡುಕೋಕೆ ಒಂದು ವಾರ ಹಿಡಿಯಿತು.