ಟಗರಿಗೆ ವಯಸ್ಸಾಯ್ತಾ? ಮುಟ್ಟಿ ನೋಡಿ

ಚಳ್ಳಕೆರೆ, ಹಿರಿಯೂರು ಕಡೆಯ ರೊಪ್ಪಗಳಲ್ಲಿ (ಕುರಿದೊಡ್ಡಿಗಳಲ್ಲಿ) ಗಬ್ಬ ನಿಲ್ಲದಿದ್ದರೆ ಬೈಗುಳ ಬೀಳುವುದು ಕುರಿಗೆ. ‘ಗೊಡ್ಡು’ ಅಂತ ಸಂತೆಗೆ ಹೊಡೆದುಬಿಡುತ್ತೇವೆ. ಕೊಂಬು ತಿರುಗಿಸಿಕೊಂಡು ನಿಂತ ಹಳೇ ಟಗರಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಕುರಿ ಗೊಡ್ಡಾದರೆ ಒಂದು ಮರಿ ಹೋಯಿತು. ಟಗರು ಸೋತರೆ ಇಡೀ ಹಿಂಡೇ ಖಾಲಿ, ಅಲ್ವಾ?

ಟಗರನ್ನು ಹಿಂಡಿಗೆ ಬಿಡುವ ಎರಡು ತಿಂಗಳು ಮೊದಲೇ ನೋಡಲು ಶುರು ಮಾಡಿ. ವೀರ್ಯಾಣು ಹುಟ್ಟಿ, ಬಲಿತು, ಹೊರಬರಲು ಸುಮಾರು 60 ದಿನ ಬೇಕು. ಇವತ್ತು ಹಾಕಿದ ಶೇಂಗಾ ಹಿಂಡಿಯ ಫಲ ಆಗ ಕಾಣುತ್ತದೆ. ಮೊನ್ನೆಯ ಜ್ವರ, ಏಪ್ರಿಲ್ ಬಿಸಿಲು ಕೊಟ್ಟ ಏಟೂ ಅಷ್ಟೇ ತಡವಾಗಿ ಗೊತ್ತಾಗುತ್ತದೆ.

ಮೊದಲು ಬಾಯಿ ಬಿಡಿಸಿ. ಕೆಳಗಿನ ಎಂಟೂ ದೊಡ್ಡ ಹಲ್ಲು ಬಂದಿದ್ದರೆ ನಾಲ್ಕು ವರ್ಷದ ಆಸುಪಾಸು. ಸವೆದು ಸಂದಿ ಬಿಟ್ಟಿದ್ದರೆ ಮುದಿ ಅಂತಲೇ ಲೆಕ್ಕ. ಮೇಲಿನ ಮುಂಬಲ್ಲು ಹುಡುಕಬೇಡಿ, ಕುರಿಗೆ ಅವು ಇರುವುದೇ ಇಲ್ಲ! ಆಮೇಲೆ ನಡೆಸಿ ನೋಡಿ. ಹಿಂಗಾಲು ನೋಯುವ ಟಗರು ಕುರಿಯ ಮೇಲೆ ಹಾರುವುದಿಲ್ಲ.

ಈಗ ಮುಖ್ಯ ಕೆಲಸ. ಹಿಂದಿನಿಂದ ಕೈ ಹಾಕಿ ಎರಡೂ ಬೀಜ ಹಿಡಿದು ನೋಡಿ. ಗಾತ್ರ ಹೆಚ್ಚುಕಮ್ಮಿ ಒಂದೇ ಇರಬೇಕು. ಈಗಷ್ಟೇ ಕೆಂಪಾದ ಟೊಮೆಟೊ ಹಾಗೆ ಬಿಗಿ ಇರಬೇಕು. ಕೊಳೆತ ಹಣ್ಣಿನಂತೆ ಮೆತ್ತಗಿದ್ದರೆ ಒಳಗಿನ ಕೆಲಸ ಕುಂದಿದೆ. ಮುಪ್ಪಿನಲ್ಲಿ ಕೆಲವು ಕುಗ್ಗುತ್ತವೆ, ಕೆಲವು ನಾರುಗಟ್ಟಿ ಗಟ್ಟಿಯಾಗುತ್ತವೆ. ತಳದಲ್ಲಿ ಸಣ್ಣ ಉಬ್ಬು ಸಹಜ. ಒಂದೇ ಕಡೆ ದಪ್ಪ ಗಂಟು ಸಿಕ್ಕರೆ ಪಶುವೈದ್ಯರಿಗೆ ತೋರಿಸಿ, ಅದು ಮುಪ್ಪಲ್ಲ, ಸೋಂಕಿರಬಹುದು.

ಗಂಡಿಗೆ ಮುಪ್ಪು ಒಂದೇ ದಿನ ಬರುವುದಿಲ್ಲ. ವೀರ್ಯಾಣು ಕಡಿಮೆಯಾಗುತ್ತವೆ, ಈಜು ನಿಧಾನವಾಗುತ್ತದೆ, ತಲೆ ಬಾಲ ಸೊಟ್ಟಗಿರುವವು ಜಾಸ್ತಿಯಾಗುತ್ತವೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಅದಕ್ಕೇ ಕೊನೆಯ ಪರೀಕ್ಷೆ ಕೆಮ್ಮಣ್ಣಿನದು. ಎಣ್ಣೆಯಲ್ಲಿ ಕಲಸಿ ಟಗರಿನ ಎದೆಗೆ ಬಳಿಯಿರಿ. ಅದು ಹಾರಿದ ಕುರಿಯ ಹಿಂಭಾಗ ಕೆಂಪಾಗುತ್ತದೆ. ಕುರಿ ಮತ್ತೆ ಬೆದೆಗೆ ಬರುವುದು 17 ದಿನಕ್ಕೆ. ಆಗ ಬಣ್ಣ ಬದಲಿಸಿ. ಅದೇ ಕುರಿಗೆ ಹೊಸ ಬಣ್ಣ ಹತ್ತಿದರೆ ಗಬ್ಬ ನಿಂತಿಲ್ಲ ಅಂತ ಅರ್ಥ. ಮುದಿ ಟಗರಿಗೆ ಹತ್ತು ಹದಿನೈದು ಕುರಿ ಸಾಕು, ಸುಮ್ನೆ ಹಿಂಡನ್ನೆಲ್ಲ ಬಿಡಬೇಡಿ.

ನಮ್ಮ ಕರೀ ಟಗರು ಎಲ್ಲದಕ್ಕೂ ಕೆಂಪು ಹಚ್ಚಿತ್ತು. ಮೂರನೇ ವಾರ ಅದೇ ಬೆನ್ನುಗಳ ಮೇಲೆ ನೀಲಿ. ಆಸೆ ಇತ್ತು, ಕಸುವು ಇರಲಿಲ್ಲ. ಮುಂದಿನ ಸಂತೆಯಲ್ಲಿ ನಾಲ್ಕು ಹಲ್ಲಿನ ಎಳೇ ಟಗರೊಂದು ತಂದೆವು.